ನೀಲವ್ವ ನಾಲಿಗೆಗಿಟ್ಟ ಮಣ್ಣು

ಯುಗಾದಿ ಕಳೆದ ಮೇಲೆ ಗಜೇಂದ್ರಗಡದಿಂದ ಹೊರಟೆ. ನಾನು ನೇಕಾರ, ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿ ಬಿಟ್ಟು ಏಳುವುದೇ ಅಪರೂಪ. ಆದರೆ ಹೊಳೆಮಣ್ಣೂರಿಗೆ ಕೊಟ್ಟ ತಂಗಿ ನೀಲವ್ವ ತುಂಬಿದ ಬಸುರಿ, ಚೊಚ್ಚಲ ಹೆರಿಗೆಗೆ ಕರೆತರಬೇಕಿತ್ತು. ಬಂಡಿಯವನಿಗೆ ಬಾಡಿಗೆಯ ಬದಲು ಒಂದು ಧೋತರ ಕೊಟ್ಟೆ. ಅವ್ವ ಖಡಕ್ ರೊಟ್ಟಿ, ಗುರೆಳ್ಳು ಚಟ್ನಿ ಕಟ್ಟಿದಳು. ಕುಬಸಕ್ಕೆ, ಬಸುರಿಯ ಉಡಿ ತುಂಬುವ ಶಾಸ್ತ್ರಕ್ಕೆಂದು, ನಾನೇ ನೆಯ್ದ ಹಸಿರು ಸೀರೆ ಮನೆಯಲ್ಲೇ ಇತ್ತು.

ರೋಣ ಮುಟ್ಟುವಷ್ಟರಲ್ಲಿ ಬಿಸಿಲಿಗೆ ತಲೆ ಕಾದು ಹೋಗಿತ್ತು. ರಾತ್ರಿ ಅಲ್ಲೇ ಉಳಿದು, ಮಾರನೆಯ ದಿನ ಸೀರೆ ಮಾರಲು ನರಗುಂದಕ್ಕೆ ಹೋದೆ. ಕೋಟೆಗುಡ್ಡದ ಬುಡದಲ್ಲಿ ಸಾಲಾಗಿ ಒಲೆ ಹೂಡಿದ್ದರು. ಗಡಿಗೆಗಳಲ್ಲಿ ಮಣ್ಣು ನೆನೆಸಿ, ಬೂದಿ ಬೆರೆಸಿ, ಸೋಸಿದ ನೀರನ್ನು ಕುದಿಸುತ್ತಿದ್ದರು.

"ಏನ ಕಾಸಾಕತ್ತೀರಿ?" ಎಂದೆ.

"ಮದ್ದಿನ ಉಪ್ಪು ರೀ. ಕ್ವಾಟಿ ಮ್ಯಾಲಿನ ತೋಪಿನ ಊಟ," ಎಂದು ಒಬ್ಬ ನಕ್ಕ. ಬಂಡಿಗಟ್ಟಲೆ ಮಣ್ಣು ಬರುತ್ತಲೇ ಇತ್ತು. ತೋಪು ಮಣ್ಣು ತಿನ್ನುತ್ತದೆಯೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಹೊಳೆಮಣ್ಣೂರಿನಲ್ಲಿ ಬೀಗರ ಮನೆಯ ಹಿತ್ತಲಿಗೆ ಕಾಲಿಟ್ಟವನು ಹೌಹಾರಿ ನಿಂತೆ. ದನದ ಕೊಟ್ಟಿಗೆಗೆ ಗೋಡೆಯೇ ಇರಲಿಲ್ಲ! ಪಕ್ಕದ ಕೋಣೆಯ ಗೋಡೆಗೆ ಮುಖ ಹಚ್ಚಿ ನನ್ನ ತಂಗಿ ಉಗುರಿನಿಂದ ಮಣ್ಣು ಕೆರೆದು ನಾಲಿಗೆಗಿಟ್ಟುಕೊಳ್ಳುತ್ತಿದ್ದಳು. ಬಸುರಿಯರು ಬಯಕೆಗೆ ಮಣ್ಣು ತಿನ್ನುವುದು ಗೊತ್ತು. ಆದರೆ ಇವಳಿಗೆ ಹೊಟ್ಟೆಗೇ ಹಾಕಿಲ್ಲವೆಂದು ನನಗನಿಸಿತು.

"ಯವ್ವಾ, ನಮ್ಮ ಹುಡುಗಿಗೆ ರೊಟ್ಟಿ ಇಲ್ಲೇನ್ರಿ?" ಎಂದು ಅವಳ ಅತ್ತೆ ಬಾಳವ್ವನ ಮೇಲೆ ಕೂಗಾಡಿದೆ.

ಆಕೆ ಸಿಟ್ಟಾಗಲಿಲ್ಲ. "ತಿನ್ನಾಕತ್ತಿಲ್ಲ ತಮ್ಮಾ, ರುಚಿ ನೋಡಾಕತ್ತಾಳ. ಉಪ್ಪ ಹತ್ತಿದ ಗ್ವಾಡಿ ಹೊಲಕ್ಕ ಚಲೋ," ಎಂದಳು.

ಹೊಲಕ್ಕೆ ಗೋಡೆಯೇ? ಆಕೆ ಒಂದು ಒಣ ಜೋಳದ ದಂಟು ತಂದು ತೋರಿಸಿದಳು. ಕೆಳಗಿನ ಎಲೆಗಳ ಅಂಚೆಲ್ಲ ದೀಪಕ್ಕೆ ಹಿಡಿದಂತೆ ಸುಟ್ಟಿತ್ತು.

"ಮಳಿ ಆಗಿತ್ತು, ಸಗಣಿ ಗೊಬ್ಬರಾನೂ ಹಾಕಿದ್ವಿ. ಆದ್ರೂ ಹಿಂಗಾತು. ದಂಟಿಗೆ ಕಸುವಿಲ್ಲ, ಕಾಳ ಕಟ್ಟೂದ್ರಾಗ ಮಲಗಿಬಿಟ್ಟವು. ಮೊದಲ ಹಾಳೂರ ದಿಬ್ಬದ ಮಣ್ಣು, ಒಲಿ ಬೂದಿ ಹಾಕತಿದ್ವಿ. ಈಗ ದಿಬ್ಬಾನೂ ಇಲ್ಲ, ಬೂದೀನೂ ಇಲ್ಲ. ಎಲ್ಲಾ ನರಗುಂದಕ್ಕ ಹೇರಿಕೊಂಡು ಹೋದ್ರು."

ನಾನು ನಿಂತು ನೋಡಿದ ಗಡಿಗೆಗಳು ಕಣ್ಣ ಮುಂದೆ ಬಂದವು. ಪೈರಿಗೂ ತೋಪಿಗೂ ಒಂದೇ ಊಟವೆಂದರೆ ಯಾರು ನಂಬುತ್ತಾರೆ?

ಕೆಡವಿ ಹರಡಿದ ಕೊಟ್ಟಿಗೆಯ ಗೋಡೆ ಅರ್ಧ ಹೊಲಕ್ಕೆ ಸಾಕಾಗಿತ್ತಂತೆ. ಉಳಿದರ್ಧಕ್ಕೆ ಆ ಕೋಣೆಯ ಗೋಡೆ ಕೆಡವಬೇಕು. ಅದು ನೀಲವ್ವನ ಕೋಣೆ. ಕೂಸನ್ನು ಕಟ್ಟಿಕೊಂಡು ಅವಳು ಬಂದು ಮಲಗಬೇಕಾದದ್ದು ಅಲ್ಲಿಯೇ, ಅದೂ ಮಲಪ್ರಭೆ ಊರ ಬಾಗಿಲಿಗೆ ಬರುವ ಮಳೆಗಾಲದಲ್ಲಿ.

"ನಾ ತವರಿಗೆ ಮುಟ್ಟಿ ಸುದ್ದಿ ಕಳಸೂತನಕ ಕೆಡವಬ್ಯಾಡ್ರಿ ಅತ್ತಿ," ಎಂದಳು ನೀಲವ್ವ. ಬಾಳವ್ವ ತಲೆಯಾಡಿಸಿದಳು. ಏನು ಸುದ್ದಿಯೆಂದು ನಾನು ಕೇಳಲಿಲ್ಲ.

ದಾರಿಯುದ್ದಕ್ಕೂ ತಂಗಿ ಪ್ರತಿ ಊರಿನ ಗೋಡೆಗಳನ್ನೇ ನೋಡುತ್ತ ಕುಳಿತಿದ್ದಳು.

ಗಜೇಂದ್ರಗಡ ಮುಟ್ಟಿದ ಮರುದಿನ ಕುಬಸ. ಅವ್ವ ಹಸಿರು ಸೀರೆಯನ್ನು ಉಡಿಗೆ ಹಾಕಹೋದರೆ ನೀಲವ್ವ ಎದ್ದು ನನ್ನ ಮಗ್ಗದ ಹಿಂದಿನ ಗೋಡೆಯತ್ತ ನಡೆದಳು. ನೂಲಿಗೆ ಧೂಳು ಕೂರುತ್ತದೆಂದು ನಾನು ದಿನಾ ಬೈದುಕೊಳ್ಳುತ್ತಿದ್ದ ಗೋಡೆ ಅದು; ಬುಡದಲ್ಲೆಲ್ಲ ಬೆಳ್ಳಗೆ ಉಪ್ಪು ಹೊಮ್ಮಿತ್ತು. ಅವಳು ಉಗುರಿನಿಂದ ಕೆರೆದು ನಾಲಿಗೆಗಿಟ್ಟಳು.

"ಬಯಕಿ ನೋಡ್ರೆವ್ವಾ," ಎಂದು ಹೆಂಗಸರು ನಕ್ಕರು.

ನಾನೊಬ್ಬ ನಗಲಿಲ್ಲ. ನೀಲವ್ವ ನನ್ನತ್ತ ತಿರುಗಿದಳು.

"ಅಣ್ಣಾ, ಸೀರಿ ಬ್ಯಾಡ. ಉಡಿಯಾಗ ಈ ಗ್ವಾಡಿ ಹಾಕು."

ಮಗ್ಗ ಬಿಚ್ಚಿ ಅಂಗಳಕ್ಕೆ ಸಾಗಿಸಿ, ಮೊದಲ ಗುದ್ದಲಿಯ ಪೆಟ್ಟು ನಾನೇ ಹಾಕಿದೆ. ಮಣ್ಣು ಹೇರಿಕೊಂಡ ಬಂಡಿಗಳು ಹೊಳೆಮಣ್ಣೂರಿನ ದಾರಿ ಹಿಡಿದಾಗ ನಾನು ಎದ್ದು ನೋಡಬೇಕಾಗಲಿಲ್ಲ. ಕುಣಿಯಲ್ಲಿ ಕುಳಿತಲ್ಲಿಂದಲೇ, ಗೋಡೆಯಿದ್ದ ಜಾಗದಲ್ಲಿ, ದಾರಿ ಕಾಣುತ್ತಿತ್ತು.