ಸೋಮವಾರದ ನಕಾಶೆ

ಸಾರವಾಡದ ವಿಶಾಖಾ ಹೊಸಮನಿಗೆ ಮೂವತ್ತೊಂದು ವರ್ಷ. ಡ್ರೋನ್ ಹಾರಿಸಿ ಹೊಲಗಳಿಗೆ ಔಷಧ ಹೊಡೆಯುವುದು ಅವಳ ಉದ್ಯೋಗ. ಎರಡು ವರ್ಷದ ಹಿಂದೆ ಒಂದು ಪತ್ರಿಕೆ ಅವಳ ಫೋಟೋ ಹಾಕಿ ಆಕಾಶದ ಒಡತಿ ಎಂದು ಬರೆಯಿತು. ಅದು ಸುಳ್ಳು. ಆಕಾಶಕ್ಕೆ ಒಡೆಯರು ಬೇರೆ ಇದ್ದಾರೆ. ಅವರು ಯಾವ ದಿನ ಅದರ ಯಾವ ಭಾಗಕ್ಕೆ ಬೀಗ ಹಾಕುತ್ತಾರೆಂದು ತಿಳಿದುಕೊಳ್ಳುವುದು ಅವಳ ಕೆಲಸದಲ್ಲಿ ಅರ್ಧ.

ಅವಳು ಹುಟ್ಟಿದ್ದು ವಿಜಯಪುರದ ಇಬ್ರಾಹಿಂಪುರದಲ್ಲಿ, ರೈಲು ಹಳಿಯ ಪಕ್ಕದ ಮನೆಯಲ್ಲಿ. ತಂದೆ ರಾಯಪ್ಪ ರೈಲ್ವೆ ಗೇಟ್‌ಮನ್ ಆಗಿದ್ದು ನಿವೃತ್ತನಾದವನು. ಮದುವೆಯಾಗಿ ಬಂದದ್ದು ಸಾರವಾಡಕ್ಕೆ. ಗಂಡ ಧರ್ಮರಾಜ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅತ್ತೆ ಪರಸವ್ವ ಊರವರ ಹೊಲಗಳಲ್ಲಿ ನಲವತ್ತು ವರ್ಷ ಕಳೆ ತೆಗೆದವಳು. ಆ ಹೊಲಗಳ ಮಾಲೀಕರೇ ಈಗ ಸೊಸೆಗೆ ಫೋನ್ ಮಾಡಿ, "ಮೇಡಂ, ನಮ್ಮ ತೊಗರಿಗೆ ಯಾವಾಗ ಬರ್ತೀರಿ?" ಎನ್ನುತ್ತಾರೆ. ಪರಸವ್ವನನ್ನು ಯಾರೂ ಮೇಡಂ ಅಂದಿರಲಿಲ್ಲ. ಇದರ ಬಗ್ಗೆ ಅವಳಿಗೆ ಹೊಟ್ಟೆಕಿಚ್ಚಿಲ್ಲ, ಹಾಸ್ಯವಿದೆ. "ನಾ ಬಗ್ಗಿ ಬಗ್ಗಿ ನೆಲಾ ನೋಡಿದ್ನಿ, ಈಕಿ ಕತ್ತ ಎತ್ತಿ ಮ್ಯಾಲ ನೋಡ್ತಾಳ. ಇಬ್ಬರಿಗೂ ಕುತಗಿ ನೋವು ತಪ್ಪಲಿಲ್ಲ," ಎನ್ನುತ್ತಾಳೆ.

ಯಂತ್ರ ವಿಶಾಖಾಳದ್ದಲ್ಲ, ಅವಳ ಸ್ವಸಹಾಯ ಸಂಘದ್ದು. ಅದನ್ನು ಹಾರಿಸುವ ಪ್ರಮಾಣಪತ್ರ ಮಾತ್ರ ಅವಳದು. ಸಂಘದ ಹನ್ನೆರಡು ಹೆಂಗಸರಲ್ಲಿ ತರಬೇತಿಗೆ ಹೋಗಲು ಒಪ್ಪಿದವಳು ಅವಳೊಬ್ಬಳೇ. ಪರೀಕ್ಷೆ ಪಾಸಾಗಿ ತಂದ ಆ ಪತ್ರ ಹತ್ತು ವರ್ಷ ನಡೆಯುತ್ತದೆ. ಪಿಯುಸಿಗೆ ನಿಂತುಹೋದ ಓದಿನ ನಂತರ ಅವಳ ಹೆಸರಿಗೆ ಬಂದ ಕಾಗದ ಅದೊಂದೇ. ಅದು ರದ್ದಾದರೆ ಯಂತ್ರ ಬೇರೆ ಸಂಘಕ್ಕೆ ಹೋಗುತ್ತದೆ. ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ.

ಸರಕಾರದ ನಕಾಶೆಯೊಂದಿದೆ, ಫೋನಿನಲ್ಲಿ ತೆರೆಯುವಂಥದ್ದು. ಹಸಿರು ಬಣ್ಣದ ಜಾಗದಲ್ಲಿ ಹಾರಿಸಬಹುದು. ಹಳದಿಯಲ್ಲಿ ಅನುಮತಿ ಕೇಳಬೇಕು. ಕೆಂಪಿನಲ್ಲಿ ಅವಳಂಥವರು ಕೇಳಿ ಪ್ರಯೋಜನವಿಲ್ಲ. ತಿಕೋಟಾ, ಬಬಲೇಶ್ವರದ ಕಡೆ ಬಹುತೇಕ ಹಸಿರೇ. ಆದರೆ ಬಣ್ಣ ನಿಲ್ಲುವುದಿಲ್ಲ. ಚುನಾವಣೆ ಬಂತೆಂದರೆ ಬದಲಾಗುತ್ತದೆ. ಗಡಿಯಲ್ಲಿ ಗದ್ದಲವಾದರೆ, ಗಡಿಯಿಂದ ಸಾವಿರ ಮೈಲು ದೂರದ ತೊಗರಿ ಹೊಲದ ಮೇಲೂ ಹಾರಿಸಬಾರದೆಂಬ ಆದೇಶ ಬರಬಹುದು. ದೊಡ್ಡವರು ಹೆಲಿಕಾಪ್ಟರಿನಲ್ಲಿ ಬರುತ್ತಾರೆಂದರೆ ಆ ಸುತ್ತು ನಾಲ್ಕು ದಿನ ಕೆಂಪಾಗುತ್ತದೆ. ಇದರಲ್ಲಿ ಅನ್ಯಾಯವೇನೂ ಇಲ್ಲ. ಮೇಲಿನಿಂದ ಏನು ಬೀಳುತ್ತದೆಂದು ಕೆಳಗಿದ್ದವರು ಹೆದರುವುದು ಸಹಜ. ಹಾರಿಸುವವರು ಹಾರಿಸುವ ಮುಂಚೆ ಪ್ರತಿ ಸಲ ನಕಾಶೆ ನೋಡಬೇಕೆಂಬುದು ನಿಯಮ. ವಿಶಾಖಾ ನೋಡುತ್ತಿದ್ದಳು, ಸೋಮವಾರ.

ಸೋಮವಾರವೇ ಏಕೆ ಎಂಬುದನ್ನು ಹೇಳಬೇಕು. ಈ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ವಾರ, ಎತ್ತಿಗೆ ಬಿಡುವು. ಮೊದಲ ವರ್ಷ ಮಮದಾಪುರದ ಶಿವಯೋಗೆಪ್ಪ ಎಂಬ ಮುದುಕರ ಹೊಲಕ್ಕೆ ಅವಳು ಸೋಮವಾರ ಹೋದಾಗ ಅವರು ಬದುವಿನ ಮೇಲೇ ತಡೆದರು.

"ಇವತ್ತ ಬ್ಯಾಡ ತಂಗಿ. ಎತ್ತ ನಿಂತಾವು."

"ಇದು ಎತ್ತಲ್ರಿ ಮುತ್ಯಾ, ಯಂತ್ರ."

"ಮತ್ತ ಹೊಲದಾಗ ದುಡಿತೈತಿಲ್ಲೋ? ದುಡಿಯೂದಕ್ಕ ವಾರದಾಗ ಒಂದಿನ ಬಿಡುವು ಬೇಕು. ಅದಕ್ಕ ಬಾಯಿ ಇಲ್ಲಂತ ನೀನs ಅದಕ್ಕ ಅನ್ಯಾಯ ಮಾಡ್ತೀಯೇನು?"

ವಾದಿಸಿ ಗಿರಾಕಿ ಕಳೆದುಕೊಳ್ಳುವ ಹೆಂಗಸಲ್ಲ ಅವಳು. ಅಂದಿನಿಂದ ಸೋಮವಾರ ಯಂತ್ರಕ್ಕೆ ರಜೆ ಎಂದು ಸುತ್ತಲಿನ ಹಳ್ಳಿಗಳಲ್ಲಿ ಗೊತ್ತಾಯಿತು, ಅದರಿಂದ ಅವಳ ಮರ್ಯಾದೆ ಹೆಚ್ಚಿತು ಕೂಡ. ಆ ದಿನ ಅವಳು ಟ್ಯಾಂಕು ತೊಳೆದು, ನಾಜಲ್‌ಗಳ ತೂತು ಬಿಡಿಸಿ, ವಿಜಯಪುರಕ್ಕೆ ಹೋಗಿ ಬ್ಯಾಟರಿ ತೋರಿಸಿಕೊಂಡು ಬರುತ್ತಿದ್ದಳು. ಹೊಲಗಳಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಕಡಿಮೆ. ಪೇಟೆಯಲ್ಲಿ ಚೆನ್ನಾಗಿ ಸಿಗುತ್ತದೆ. ಆದ್ದರಿಂದ ಇಡೀ ವಾರದ ಊರುಗಳ ಬಣ್ಣವನ್ನು ಅಲ್ಲೇ ಕೂತು ನೋಡಿ ಒಂದು ವಹಿಯಲ್ಲಿ ಬರೆದುಕೊಳ್ಳುತ್ತಿದ್ದಳು. ಮಂಗಳವಾರ ಯಾವ ಊರು, ಬುಧವಾರ ಯಾವುದು, ಎಲ್ಲ ಹಸಿರು. ಎರಡು ವರ್ಷ ಈ ಪದ್ಧತಿ ಕೆಡಲಿಲ್ಲ. ಕೆಡದ ಪದ್ಧತಿ ಸರಿಯಾದ ಪದ್ಧತಿ ಎಂದು ನಂಬುವುದು ಸುಲಭ. ಓದಿದವರೂ ಹಾಗೇ ನಂಬುತ್ತಾರೆ.

ನವೆಂಬರಿನ ಕೊನೆಯಲ್ಲಿ ಎರಡು ದಿನ ಅಕಾಲದ ಮಳೆ ಬಿತ್ತು. ತಿಕೋಟಾದ ಹತ್ತಿರ ಸಂಗನಬಸವನ ನಾಲ್ಕು ಎಕರೆ ದ್ರಾಕ್ಷಿ ಪಡ ಆಗ ಹೂವು ಕಳೆದು ಕಾಯಿ ಕಟ್ಟುತ್ತಿತ್ತು. ಮಳೆ ನಿಂತ ಎರಡು ದಿನದೊಳಗೆ ಔಷಧ ಬೀಳದಿದ್ದರೆ ದಾವಣಿ ಎಂಬ ಬೂಷ್ಟು ರೋಗ ಗೊಂಚಲಿಗೆ ಏರುತ್ತದೆ. ಟ್ರ್ಯಾಕ್ಟರಿನ ಬ್ಲೋವರ್ ಅವನ ಮನೆಯಲ್ಲೇ ಇತ್ತು. ಆದರೆ ಎರೆಮಣ್ಣು ಹಸಿಯಾದ ಮೇಲೆ ಸಾಲಿನೊಳಗೆ ಟ್ರ್ಯಾಕ್ಟರ್ ಇಳಿಸಿದರೆ ಮುಂದೆ ಹೋಗುವುದಿಲ್ಲ, ಹಿಂದೆಯೂ ಬರುವುದಿಲ್ಲ. ಬುಧವಾರ ಬೆಳಿಗ್ಗೆ ಏಳಕ್ಕೆ ವಿಶಾಖಾ ಅಲ್ಲಿದ್ದಳು. ವಹಿಯಲ್ಲಿ ತಿಕೋಟಾ ಹಸಿರಾಗಿತ್ತು.

ಒಂದು ಟ್ಯಾಂಕಿಗೆ ಒಂದು ಎಕರೆ. ಎರಡು ಮುಗಿದು ಮೂರನೆಯದು ಅರ್ಧವಾಗಿತ್ತು. ಅಷ್ಟರಲ್ಲಿ ಪೊಲೀಸ್ ಸೈಫುದ್ದೀನ ರಸ್ತೆಯಲ್ಲಿ ಬೈಕ್ ನಿಲ್ಲಿಸಿ ಕೆಸರಿನಲ್ಲಿ ಕಾಲು ಕೀಳುತ್ತ ಓಡಿ ಬಂದ. ಅವನು ಆ ಊರಿನವನೇ, ಸಂಗನಬಸವನ ಜೊತೆ ಶಾಲೆ ಕಲಿತವನು.

"ಅಕ್ಕಾರ, ಇಳಸ್ರಿ ಅದನ್ನ. ಮೊದಲ ಇಳಸ್ರಿ, ಆಮ್ಯಾಲ ಮಾತಾಡೂಣು."

"ಯಾಕ್ರಿ, ಏನಾತು?"

"ನಿನ್ನೆ ಸಂಜಿಕ ಆರ್ಡರ್ ಬಂದೈತ್ರಿ. ಶನಿವಾರ ತನ ಇಲ್ಲೆಲ್ಲಾ ಕೆಂಪು. ಅಗೋ ಅಲ್ಲಿ ಹೆಲಿಪ್ಯಾಡ್ ಮಾಡಾಕತ್ತಾರ, ಕಾಣವಲ್ದೇನ್ರಿ?"

ಅವಳು ಯಂತ್ರ ಇಳಿಸಿದಳು. ಸಂಗನಬಸವನಿಗೆ ಸಿಟ್ಟು ಬಂತು.

"ಲೇ ಸೈಫ್ಯಾ, ಬಂದವರೇನು ನನ್ನ ದ್ರಾಕ್ಷಿ ತಿನ್ನಾಕ ಬಂದಾರೇನು? ಅವರ ಕಡಿ ನಾವು ಹೋಗಂಗಿಲ್ಲ, ನಮ್ಮ ಕಡಿ ಅವರು ಬರೂದು ಬ್ಯಾಡ."

"ತಿಂದ್ರ ಹಲ್ಲ ಜುಮ್ಮ ಅಂತಾವು, ಸಾಸಿವಿ ಕಾಳಿನಷ್ಟ ಅದಾವ ಕಾಯಿ. ನನ್ನ ಕೂಡ ಯಾಕ ಒದರ್ತಿ? ನಾ ಬರಲಿಲ್ಲಂದ್ರ ಜೀಪ್ ಬರ್ತಿತ್ತು."

ವಿಶಾಖಾ ರಸ್ತೆಯ ತನಕ ನಡೆದು, ಸಿಗ್ನಲ್ ಹಿಡಿದು ನಕಾಶೆ ತೆರೆದಳು. ತಿಕೋಟಾದ ಸುತ್ತ ಕೆಂಪು ವೃತ್ತವಿತ್ತು. ಸೈಫುದ್ದೀನ ಹೇಳಿದ್ದು ನಿಜ. ಯಂತ್ರವನ್ನು ಪೊಲೀಸರು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಠಾಣೆಗೆ ಒಯ್ದರು. ರಿಮೋಟ್ ಅವಳ ಕೈಯಲ್ಲೇ ಉಳಿಯಿತು, ಅದನ್ನು ಯಾರೂ ಕೇಳಲಿಲ್ಲ. ಎಷ್ಟು ಹೊತ್ತಿಗೆ, ಎಲ್ಲಿ, ಎಷ್ಟು ಎತ್ತರ ಹಾರಿತೆಂಬ ದಾಖಲೆ ಅದರಲ್ಲೇ ಇರುತ್ತದೆ.

ಸಂಗನಬಸವ ದನಿ ತಗ್ಗಿಸಿ, "ಮೇಡಂ, ಹಾರಿಸೇ ಇಲ್ಲ ಅನ್ರಿ," ಎಂದ. "ಬ್ಯಾಟರಿ ನೋಡಾಕತ್ತಿದ್ನಿ, ಒಂದ ಮಾರು ಮ್ಯಾಲ ಎದ್ದಿತ್ತು ಅನ್ರಿ. ನಾ ಸಾಕ್ಷಿ ಹೇಳ್ತೇನಿ. ಸೈಫ್ಯಾಗ ನಾ ತಿಳಿಸಿ ಹೇಳ್ತೇನಿ."

"ಎರಡೂವರಿ ಎಕರೆ ಎಲಿ ಮ್ಯಾಲ ಔಷಧ ಬಿದ್ದೈತ್ರಿ ಅಣ್ಣಾರ. ಅದಕ್ಕೂ ತಿಳಿಸಿ ಹೇಳ್ತೀರೇನು?"

ಉಳಿದದ್ದು ಒಂದೂವರೆ ಎಕರೆ. ಅದಕ್ಕಾಗಿ ಅವಳು ಸಂಘದ ಐವರಿಗೆ ಫೋನ್ ಮಾಡಿದಳು. ಬೆನ್ನಿಗೆ ಹಾಕುವ ಪಂಪುಗಳನ್ನು ತಿಕೋಟಾದಲ್ಲಿ ಅಲ್ಲಿ ಇಲ್ಲಿ ಎರವಲು ತಂದರು. ಮೊಳಕಾಲುದ್ದ ಕೆಸರಿನಲ್ಲಿ ಚಪ್ಪರದ ಕೆಳಗೆ ಬಗ್ಗಿ ನಡೆಯುತ್ತ ಸಂಜೆ ಐದರ ಹೊತ್ತಿಗೆ ಅದನ್ನು ಮುಗಿಸಿದರು. ಬಂದವರಲ್ಲಿ ಪರಸವ್ವನೂ ಇದ್ದಳು, ಕರೆಯದೇ ಬಂದಿದ್ದಳು. ಪಂಪಿನ ಪಟ್ಟಿ ಭುಜಕ್ಕೆ ಒತ್ತದಂತೆ ಸೆರಗನ್ನು ಹೇಗೆ ಮಡಚಿ ಇಡಬೇಕೆಂದು ಸೊಸೆಗೆ ತೋರಿಸಿದಳು.

ಮನೆಗೆ ಹೋಗುವ ದಾರಿಯಲ್ಲಿ ಒಬ್ಬ ಪರಿಚಯದ ಡ್ರೋನ್ ಪೈಲಟ್ ಫೋನ್ ಮಾಡಿದ. ಸುದ್ದಿ ಆಗಲೇ ಹಬ್ಬಿತ್ತು. ರಿಮೋಟಿನಲ್ಲಿದ್ದ ದಾಖಲೆ ಅಳಿಸುವುದು ಹೇಗೆಂದು ಅವನು ಒಂದೊಂದಾಗಿ ಹೇಳಿಕೊಟ್ಟ. ಅವಳು ಬೇಡ ಎನ್ನಲಿಲ್ಲ. ಕೇಳಿಸಿಕೊಂಡಳು, ನೆನಪಿಟ್ಟುಕೊಂಡಳು. ಪ್ರಮಾಣಪತ್ರ ಹೋದರೆ ತನ್ನ ಕೈಯಲ್ಲಿ ಉಳಿಯುವುದು ಇಂದು ಹೊತ್ತ ಪಂಪ್ ಮಾತ್ರ ಎಂದು ಅವಳಿಗೆ ಗೊತ್ತಿತ್ತು. ಸಾರವಾಡದ ಬಸ್ಸು ಹತ್ತದೆ ಅವಳು ಇಬ್ರಾಹಿಂಪುರಕ್ಕೆ ಹೋದಳು.

ರಾಯಪ್ಪ ಅಂಗಳದಲ್ಲಿ ಕೂತು ಶೇಂಗಾ ಗಿಡದಿಂದ ಕಾಯಿ ಬಿಡಿಸುತ್ತಿದ್ದ. ಎಲ್ಲ ಕೇಳಿದ ಮೇಲೆ ಎರಡೇ ಪ್ರಶ್ನೆ ಹಾಕಿದ.

"ನಕಾಶೆ ನೋಡಿದ್ದು ಯಾವಾಗ?"

"ಸೋಮವಾರ."

"ಹಾರಿಸಿದ್ದು?"

"ಬುಧವಾರ."

"ನಾ ಸೋಮವಾರ ಸಿಗ್ನಲ್ ನೋಡಿ ಬುಧವಾರ ಗೇಟ್ ತಗದಿದ್ನೆಂದ್ರ ಈ ಓಣಿ ಮಂದಿ ನನ್ನ ಫೋಟೋಕ್ಕ ಹಾರ ಹಾಕ್ತಿದ್ರು. ಇಲ್ಲಂದ್ರ ನಾ ಅವರ ಫೋಟೋಕ್ಕ ಹಾಕ್ತಿದ್ನಿ. ಯಂತ್ರಕ್ಕ ಬಿಡುವು ಕೊಟ್ಟಿ, ಛಲೋ ಆತು. ಕಣ್ಣಿಗೂ ಕೊಟ್ಟೇನು?"

"ಯಪ್ಪಾ, ಬೈಸ್ಕೊಳ್ಳಾಕ ಬಂದಿಲ್ಲ ನಾ. ಅದನ್ನ ಅಳಸೂದು ಹೆಂಗಂತ ನನಗ ಗೊತ್ತೈತಿ. ಅಳಸಲೋ ಬ್ಯಾಡೋ, ಹೇಳು."

ರಾಯಪ್ಪ ಕೈಯಲ್ಲಿದ್ದ ಗಿಡ ಕೆಳಗಿಟ್ಟ. "ನಮ್ಮ ರೈಲ್ವೇದಾಗ ಏನರ ತಪ್ಪಾದ್ರ ಒಂದು ರೂಢಿ ಇತ್ತು, ಯವ್ವಾ. ಸಾಹೇಬ ಬಂದು ಕೇಳೂ ಮೊದಲ ನಾವs ಬರದು ಕೊಡತಿದ್ವಿ. ಎಷ್ಟಕ್ಕ ಗಾಡಿ ಬಂತು, ಎಷ್ಟಕ್ಕ ಗೇಟ್ ಹಾಕಿದೆ, ನಾ ಎಲ್ಲಿದ್ದೆ. ಅವ ಕೇಳಿದ ಮ್ಯಾಲ ಬರದ್ರ ಏನು ಬರದ್ರೂ ಸುಳ್ಳು ಅಂತಾನ. ಕೇಳೂ ಮೊದಲ ಬರದ್ರ, ಬೈತಾನ ಖರೆ, ನಂಬತಾನ."

"ನಂಬಿ ಪತ್ರಾ ಕಸಗೊಂಡ್ರ?"

"ಕಸಗೊಂಡ್ರ ಕಸಗೊಂಡ್ರು. ಗ್ಯಾರಂಟಿ ಕೊಡಾಕ ನಾ ಏನು ದೇವರೇನು? ಪೆನ್ನು ಗೂಡಿನ್ಯಾಗ ಐತಿ."

ಅವಳು ಅಲ್ಲೇ ಕೂತು ಬರೆದಳು. ಒಂದೇ ಪುಟ. ಏಳು ಹತ್ತಕ್ಕೆ ಮೊದಲ ಟ್ಯಾಂಕು, ಏಳು ನಲವತ್ತಕ್ಕೆ ಎರಡನೆಯದು, ಎಂಟು ಐದಕ್ಕೆ ಮೂರನೆಯದು. ಸೋಮವಾರ ಹಾರಿಸುವುದಿಲ್ಲ, ಅಂದೇ ವಾರದ ನಕಾಶೆ ನೋಡಿದ್ದೆ, ಬುಧವಾರ ನೋಡಲಿಲ್ಲ, ತಪ್ಪು ನನ್ನದು. ಕ್ಷಮೆ ಎಂಬ ಪದ ಅದರಲ್ಲಿರಲಿಲ್ಲ. ಮರುದಿನ ಬೆಳಿಗ್ಗೆ ಅದನ್ನೂ ರಿಮೋಟನ್ನೂ ವಿಜಯಪುರದ ಜಿಲ್ಲಾಧಿಕಾರಿ ಕಚೇರಿಗೆ ಒಯ್ದು ಕೊಟ್ಟು, ಮುಟ್ಟಿದ್ದಕ್ಕೆ ಸಹಿ ಹಾಕಿಸಿಕೊಂಡು ಬಂದಳು.

ಅಲ್ಲಿಯ ಒಬ್ಬ ಅಧಿಕಾರಿ ಕರೆಸಿದ್ದು ಮುಂದಿನ ವಾರ, ಬಂದ ದೊಡ್ಡವರು ಹೋದ ಮೇಲೆ. ಅವರು ಮೈಸೂರು ಕಡೆಯವರು. ಪುಟವನ್ನು ಮುಂದಿಟ್ಟುಕೊಂಡು ಕೂತಿದ್ದರು.

"ಸೋಮವಾರ ಯಾಕಮ್ಮಾ ಹಾರಿಸಲ್ಲ ನೀವು?"

ಅವಳು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿ ನಿಂತಿದ್ದ ಗುಮಾಸ್ತೆ ವಿದ್ಯಾವತಿ, "ನಮ್ಮ ಕಡಿ ಸೋಮವಾರ ಎತ್ತ ಹೂಡಂಗಿಲ್ರಿ ಸರ್," ಎಂದಳು.

"ಡ್ರೋನ್‌ಗೂನಾ?"

"ಅದೂ ಹೊಲದಾಗ ದುಡಿತೈತಲ್ರಿ," ಎಂದಳು ವಿಶಾಖಾ.

ಅಧಿಕಾರಿ ನಗಲಿಲ್ಲ, ಆದರೆ ಪೆನ್ನು ಕೆಳಗಿಟ್ಟರು. ಅಂಥ ಜಾಗದಲ್ಲಿ ಹೆಲಿಕಾಪ್ಟರಿನ ಎದುರು ಹತ್ತು ಲೀಟರ್ ಔಷಧದ ಯಂತ್ರ ಬಂದರೆ ಏನಾಗುತ್ತದೆಂದು ವಿವರಿಸಿದರು. ಅವಳು ಪೂರ್ತಿ ಕೇಳಿ, "ಗೊತ್ತೈತ್ರಿ ಸಾಹೇಬ್ರ. ಅದಕ್ಕs ಬರದು ಕೊಟ್ಟೇನಿ," ಎಂದಳು. ಆಮೇಲೆ ತಾನೂ ಒಂದು ಮಾತು ಹೇಳಿದಳು. "ಜಿಲ್ಲಾದಾಗ ಇದನ್ನ ಹಾರಸವ್ರು ಎಷ್ಟ ಮಂದಿ ಅದಾರ? ನಮ್ಮೆಲ್ಲಾರ ನಂಬರ್ ನಿಮ್ಮ ಹತ್ರ ಅದಾವು. ಕೆಂಪ ಮಾಡಿದ ದಿನಾ ಒಂದು ಮೆಸೇಜ್ ಹಾಕ್ರಿ."

"ನೋಡಿಕೊಳ್ಳೋದು ನಿಮ್ಮ ಜವಾಬ್ದಾರಿ."

"ಹೌದ್ರಿ, ನಂದs. ಮೆಸೇಜ್ ಹಾಕಿದ್ರ ನನ್ನ ಜವಾಬ್ದಾರಿ ಏನೂ ಕಮ್ಮಿ ಆಗಂಗಿಲ್ರಿ."

ಅವರು ಅದನ್ನು ಬರೆದುಕೊಂಡರು. ಮೆಸೇಜು ಇದುವರೆಗೂ ಬಂದಿಲ್ಲ. ಯಂತ್ರವನ್ನು ಬಿಟ್ಟುಕೊಟ್ಟರು. ಪ್ರಮಾಣಪತ್ರದ ನಿರ್ಧಾರ ಮೇಲಿನವರದು, ಅಲ್ಲಿಯವರೆಗೆ ಹಾರಿಸುವಂತಿಲ್ಲ ಎಂದರು.

ಅದಕ್ಕೆ ಐದು ವಾರ ಹಿಡಿಯಿತು. ತೊಗರಿಗೆ ಕಾಯಿಕೊರಕ ಹುಳು ಬೀಳುವ ಕಾಲವೇ ಅದು. ಯಂತ್ರ ಸಂಘದ ಕೋಣೆಯಲ್ಲಿ ಗೋಣಿಚೀಲ ಹೊದ್ದು ಕೂತಿತ್ತು, ಗಿರಾಕಿಗಳು ಬೇರೆಯವರನ್ನು ಕರೆದರು. ವಿಶಾಖಾ ಕರೆದ ಕಡೆ ಬೆನ್ನಿಗೆ ಪಂಪ್ ಹಾಕಿಕೊಂಡು ಹೋದಳು. ಹಾರಿಸಲಾಗದಿದ್ದರೂ ದಿನಾ ಬೆಳಿಗ್ಗೆ ಎದ್ದು ನಕಾಶೆ ತೆರೆದು ನೋಡುತ್ತಿದ್ದಳು. ಧರ್ಮರಾಜ ಯಾಕೆಂದು ಕೇಳಿದಾಗ, "ರೂಢಿ ಆಗಲಿ," ಎಂದಳು.

ಪತ್ರ ಬಂದದ್ದು ಜನವರಿಯಲ್ಲಿ. ಲಿಖಿತ ಎಚ್ಚರಿಕೆ ನೀಡಲಾಗಿದೆ, ಪ್ರಮಾಣಪತ್ರ ಮುಂದುವರಿಯುತ್ತದೆ, ಮತ್ತೊಮ್ಮೆ ಇಂಥ ತಪ್ಪು ಕಂಡರೆ ರದ್ದು ಮಾಡಲಾಗುವುದು ಎಂದಿತ್ತು. ಅವಳು ಅದನ್ನು ಇಬ್ರಾಹಿಂಪುರಕ್ಕೆ ಒಯ್ದಳು. ರಾಯಪ್ಪ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ.

"ಛಲೋ ಬರದಾರ. ನನಗ ಬಂದ ಎರಡೂ ಇಂಗ್ಲಿಷಿನ್ಯಾಗ ಇದ್ದವು, ಮಾಸ್ತರರ ಕಡೆ ಓದಿಸಬೇಕಾತು."

"ನಿನಗೂ ಬಂದಿದ್ದವೇನು? ಎರಡು?"

"ಒಮ್ಮೆ ಗೇಟ್ ಹಾಕಾಕ ತಡಾ ಮಾಡಿದ್ನಿ. ಇನ್ನೊಮ್ಮೆ ದೀಪಾ ಹಚ್ಚೂದು ಮರ್ತಿದ್ನಿ."

"ಇಷ್ಟ ವರ್ಷಾತು, ಒಂದಿನಾನೂ ಹೇಳಿಲ್ಲ ನೀ."

"ಹೇಳಿದ್ರ ಅಪ್ಪನ ಮಾತು ಕೇಳ್ತಿದ್ದೇನು ಅವತ್ತ?" ಎಂದು ಪತ್ರವನ್ನು ಮಡಚಿ ಅವಳ ಕೈಗೆ ಕೊಟ್ಟ. "ಒಂದs ಬಂದೈತಿ. ಎರಡನೇದು ತರಬ್ಯಾಡ. ನಿಮ್ಮ ಕಡಿ ಎರಡಕ್ಕ ಬಿಡಂಗಿಲ್ಲಂತ ಬರದಾರ."

ಅವಳು ಪತ್ರವನ್ನು ಪ್ರಮಾಣಪತ್ರದ ಪ್ಲಾಸ್ಟಿಕ್ ಚೀಲದಲ್ಲೇ ಸೇರಿಸಿ ಇಟ್ಟುಕೊಂಡು ಸಾರವಾಡದ ಬಸ್ಸು ಹತ್ತಿದಳು. ಬಬಲೇಶ್ವರದ ಒಂದು ಕಡಲೆ ಹೊಲದಿಂದ ಆಗಲೇ ಕರೆ ಬಂದಿತ್ತು.