ಬಾಜೂಕ ಕಂಡ ಗ್ಯಾಲಕ್ಸಿ

ಎಳ್ಳಮಾವಾಸ್ಯೆ, ಸಂಜೆ ಏಳೂವರೆ. ಸಿಂದಗಿಯ ನಮ್ಮ ಮನೆಯ ಮಾಳಿಗೆ.

ದರ್ಜಿಯಾದ ನಮ್ಮ ಅಬ್ಬಾ ಈಗ ದಾರ ಪೋಣಿಸುವಾಗ ಸೂಜಿಯನ್ನು ನೋಡುವುದಿಲ್ಲ, ಅದರ ಪಕ್ಕದ ಗೋಡೆಯನ್ನು ನೋಡುತ್ತಾರೆ. ಅವರ ಎರಡೂ ಕಣ್ಣುಗಳ ನಡುಭಾಗ ಮಸುಕಾಗಿ ಅಂಚಷ್ಟೇ ಉಳಿದಿದೆ. ಕಳೆದ ರಂಜಾನಿನ ಕೊನೆಗೆ ಓಣಿಯವರೆಲ್ಲ ಮಾಳಿಗೆ ಹತ್ತಿ ಚಂದ್ರನನ್ನು ಹುಡುಕುತ್ತಿದ್ದಾಗ ಅವರೇ ಮೊದಲು “ಅಲ್ಲೈತಿ” ಎಂದರು. “ನಿಮ್ಮ ಕಣ್ಣಾಗಿನ ಪರದೇನ ಚಂದ್ರಾಮ ಆಗೇತಿ ಬಿಡ್ರಿ ಚಾಚಾ” ಎಂದು ಒಬ್ಬ ನಕ್ಕ. ಅಷ್ಟರಲ್ಲಿ ಮೋಡ ಮುಚ್ಚಿತು. ಚಂದ್ರ ಕಂಡನೆನ್ನಲು ನಮ್ಮಲ್ಲಿ ಸಾಕ್ಷಿ ಬೇಕು. ಅಬ್ಬಾರ ಸಾಕ್ಷಿಯನ್ನು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಆಮೇಲೆ ಅವರು ಮಾಳಿಗೆ ಹತ್ತುವುದನ್ನೇ ಬಿಟ್ಟರು.

ನನ್ನ ದಿನಚರಿಯಲ್ಲಿ ಮೂರು ಕಾಲಮ್ಮುಗಳಿವೆ: ಕಂಡಿತು, ಕಾಣಲಿಲ್ಲ, ಸಾಕ್ಷಿ. ಸಣ್ಣ ದುರ್ಬೀನಿನಲ್ಲಿ ಆಂಡ್ರೊಮಿಡಾ ಎಂಬ ಸುರುಳಿ ಗ್ಯಾಲಕ್ಸಿಯನ್ನು ಹುಡುಕಿದ ಆರು ಸಂಜೆಗಳೂ ಎರಡನೆಯದರಲ್ಲೇ ಬಿದ್ದಿವೆ.

ಇಂದು ಹೊಲಕ್ಕೆ ನೈವೇದ್ಯದ ಚರಗ ಚೆಲ್ಲಿ ಬಂದ ನೆರೆಯವರು ಶೇಂಗಾ ಹೋಳಿಗೆ ಕೊಟ್ಟಿದ್ದರು. ಅದನ್ನು ನನಗೆ ತಲುಪಿಸಲು ಅಬ್ಬಾ ಗೋಡೆ ಸವರುತ್ತ ಮೇಲೆ ಬಂದರು. ಏನೂ ಕಾಣುತ್ತಿಲ್ಲವೆಂದು ಗೊಣಗಿದೆ. ಅವರು ದುರ್ಬೀನಿಗೆ ಕಣ್ಣಿಟ್ಟು, ಸೂಜಿಯ ಅಭ್ಯಾಸದಂತೆ ನೋಟವನ್ನು ತುಸು ಆಚೆ ಸರಿಸಿ, ಬಹಳ ಹೊತ್ತು ನಿಂತರು.

“ನೆಟ್ಟಗ ನೋಡಬ್ಯಾಡವ್ವಾ, ಬಾಜೂಕ ನೋಡು. ಕರಿ ಅರಿವಿ ಮ್ಯಾಲಿನ ಸುಣ್ಣದ ಗೀಟು ಒರಿಸಿದಂಗ ಐತಿ.”

ನನ್ನನ್ನು ಸಮಾಧಾನಪಡಿಸಲು ಹೇಳಿದರೆಂದುಕೊಂಡೆ. ಓಣಿಯವರ ಹಾಗೇ ಪರೀಕ್ಷೆಗಿಳಿದು, ಯಾವ ಕಡೆ ವಾಲಿದೆ ಎಂದು ಕೇಳಿದೆ. ಅವರು ನನ್ನ ಅಂಗೈ ಮೇಲೆ ಉಗುರಿನಿಂದ ಓರೆಯಾಗಿ ಒಂದು ಗೆರೆ ಎಳೆದರು. ಪಕ್ಕದ ಒಂದು ಚುಕ್ಕೆಯ ಮೇಲೆ ಕಣ್ಣು ನೆಟ್ಟು ಕಾದೆ. ಕಣ್ಣಂಚಿನಲ್ಲಿ ನೀಳವಾದ ಮಂಜೊಂದು ಮೂಡಿತು, ಅಂಗೈಯ ಗೆರೆ ವಾಲಿದಷ್ಟೇ ವಾಲಿಕೊಂಡು. ನೇರ ನೋಡಿದೆ, ಹೋಯಿತು.

ಆಕಾಶ ನೋಡುವ ಗೆಳೆಯರೇ, ಸುಮಾರು ಇಪ್ಪತ್ತೈದು ಲಕ್ಷ ವರ್ಷ ನಡೆದು ಬಂದ ಬೆಳಕು ಕಣ್ಣಿನ ನಡುಮನೆಗೆ ಬಾರದೆ ಪಡಸಾಲೆಯಲ್ಲೇ ಕೂತುಬಿಡುತ್ತದೆ. ಅದನ್ನು ಮಾತಾಡಿಸಬೇಕಾದರೆ ನಾವೇ ಅಲ್ಲಿಗೆ ಹೋಗಬೇಕು. ಅಬ್ಬಾ ಅಲ್ಲೇ ವಾಸಕ್ಕಿದ್ದಾರೆ. ಆ ವಾಸವನ್ನು ಕುರುಡೆಂದು ತಿಳಿದವರ ಲೆಕ್ಕದಲ್ಲಿ ನಾನೂ ಒಬ್ಬಳು.

ಏಳು ಐವತ್ತೆರಡಕ್ಕೆ ಬರೆದೆ: ಕಂಡಿತು, ಸುರುಳಿ ಮಾತ್ರ ಕಾಣಲಿಲ್ಲ, ಸಾಕ್ಷಿ ಇಬ್ಬರು, ಮೊದಲು ಅಬ್ಬಾ. ಮತ್ತೆ ರಂಜಾನಿನ ಪುಟ ತೆರೆದು, ಸಾಕ್ಷಿಯ ಕಾಲಮ್ಮಿನಲ್ಲಿ ಖಾಲಿ ಬಿಟ್ಟಿದ್ದ ಜಾಗದಲ್ಲಿ ಅವರ ಹೆಸರು ತುಂಬಿದೆ.

ಮಸುಕು ಬೆಳಕು ಕಣ್ಣಿನ ನಡುವಿಗಿಂತ ಅಂಚಿಗೇ ಹೆಚ್ಚು ಸಿಗುವುದೇಕೆ, ಸಣ್ಣ ದುರ್ಬೀನಿನಲ್ಲಿ ಆ ಸುರುಳಿಯನ್ನು ಕಂಡವರಿದ್ದಾರೆಯೇ, ಬಲ್ಲವರು ಬರೆದು ತಿಳಿಸಿ. ಅಕ್ಷರ ದೊಡ್ಡದಿರಲಿ, ಪತ್ರವನ್ನು ಅಬ್ಬಾ ತಾವೇ ಓದುತ್ತಾರಂತೆ.