ಅರಿಶಿನದ ಡ್ರಮ್ಮು, ಅಪ್ಪನ ಅಂಗಿ

ನಮ್ಮ ಕಡೆ ಹೆಂಗಸರು ಹೊಲದ ಕೆಲಸಕ್ಕೆ ಹೊರಟರೆ ಸೀರೆಯ ಮೇಲೊಂದು ಗಂಡಸಿನ ಅಂಗಿ ತೊಡುತ್ತಾರೆ. ಬಿಸಿಲಿಗೂ ಆಯಿತು, ಧೂಳಿಗೂ ಆಯಿತು. ಅವ್ವ ತೊಡುತ್ತಿದ್ದದ್ದು ಅಪ್ಪನ ಅಂಗಿಗಳನ್ನು. ಅಪ್ಪ ತೀರಿಕೊಂಡ ಮೇಲೆ ಒಂದೊಂದೇ ಹರಿದು, ಕೊನೆಗೆ ಉಳಿದದ್ದು ನೀಲಿ ಗೆರೆಯದು ಒಂದೇ. ಒಗೆದೊಗೆದು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿತ್ತು. ಬೇರೆ ಕೊಡಿಸುತ್ತೇನೆ ಅಂದರೆ ಮುಖ ಊದಿಸಿಕೊಳ್ಳುತ್ತಿದ್ದಳು.

ನಾನು ಚಾಮರಾಜನಗರದಲ್ಲಿ ಐಟಿಐ ಮೇಡಮ್ಮು. ಎಂಜಿನಿನ ಶಕ್ತಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೇಗೆ ದಾಟುತ್ತದೆ, ಬೆಲ್ಟು, ಗೇರು, ಶಾಫ್ಟು, ಇದೇ ನನ್ನ ಪಾಠ. ತಿರುಗುವ ಯಾವುದರ ಹತ್ತಿರವೂ ಸಡಿಲ ಬಟ್ಟೆ ಬೇಡ ಅಂತ ಬೋರ್ಡಿನ ಮೇಲೆ ಬರೆದು, ಕ್ಲಾಸಿನವರಿಂದ ಗಟ್ಟಿಯಾಗಿ ಹೇಳಿಸುವವಳು. ಮನೆಯಲ್ಲಿ ಮಾತ್ರ ಆ ಮಾತು ಒಂದು ದಿನವೂ ಬಾಯಿಗೆ ಬರಲಿಲ್ಲ. ನೆನೆದರೆ ಈಗಲೂ ನನ್ನ ಮೇಲೆ ನನಗೇ ರೇಗುತ್ತದೆ.

ಹರವೆ ಹತ್ತಿರದ ನಮ್ಮೂರಿನಲ್ಲಿ ಚಿಕ್ಕಪ್ಪನದೊಂದು ಅರಿಶಿನ ಪಾಲಿಶ್ ಮಾಡುವ ಡ್ರಮ್ಮಿದೆ. ಬೇಯಿಸಿ ಒಣಗಿಸಿದ ಅರಿಶಿನದ ಕೊಂಬನ್ನು ಅದರೊಳಗೆ ತುಂಬಿ ತಿರುಗಿಸಿದರೆ ಸಿಪ್ಪೆ ಉದುರಿ ಹೊಳಪು ಬರುತ್ತದೆ. ತಿರುಗಿಸುವುದು ಟ್ರ್ಯಾಕ್ಟರು. ಅದರ ಹಿಂಭಾಗದಿಂದ ಡ್ರಮ್ಮಿನವರೆಗೆ ಒಂದು ಕಬ್ಬಿಣದ ಶಾಫ್ಟು ಮೊಣಕಾಲೆತ್ತರದಲ್ಲಿ ಗಿರಗಿರನೆ ಸುತ್ತುತ್ತಿರುತ್ತದೆ. ಒಳಗಿನ ಸದ್ದು ಕೇಳಿಯೇ "ಸಾಕು, ನಿಲ್ಸು" ಎನ್ನುವುದು ಅವ್ವನ ಕೆಲಸ. ಹೊತ್ತು ಹೆಚ್ಚಾದರೆ ಕೊಂಬು ಸವೆಯುತ್ತದೆ, ಕಡಿಮೆಯಾದರೆ ಮಂಕಾಗೇ ಉಳಿಯುತ್ತದೆ. ಗುಂಡ್ಲುಪೇಟೆ ಕಡೆಯವರೂ ಅವ್ವ ಇದ್ದಾಳಾ ಅಂತ ಕೇಳಿಕೊಂಡೇ ಲೋಡು ತರುತ್ತಿದ್ದರು. ಆ ವಿಷಯದಲ್ಲಿ ಅವಳಿಗೆ ಒಳಗೊಳಗೇ ಜಂಬವಿತ್ತು.

ಹೋದ ಸಲದ ಪಾಲಿಶ್ ಸಮಯದಲ್ಲಿ, ಆಚೆ ಬಿದ್ದಿದ್ದ ಕೊಂಬೊಂದನ್ನು ಎತ್ತಿಕೊಳ್ಳಲು ಅವ್ವ ಸುತ್ತುತ್ತಿದ್ದ ಶಾಫ್ಟಿನ ಮೇಲಿಂದಲೇ ಬಗ್ಗಿದಳು. ಒಂದು ಕೊಂಬಿಗೋಸ್ಕರ ಯಾರು ಎಂಜಿನ್ ನಿಲ್ಲಿಸುತ್ತಾರೆ ಎನ್ನುವ ಜಾತಿ ಅವಳು. ಅಂಗಿಯ ಅಂಚು ಸಿಕ್ಕಿಕೊಂಡಿತು. ಬಟ್ಟೆ ಹಳತಾಗಿದ್ದೇ ಪುಣ್ಯ. ಗುಂಡಿಗಳು ಪಟಪಟ ಹಾರಿ, ಅಂಗಿ ಮೈಮೇಲಿಂದ ಹರಿದು ಶಾಫ್ಟಿಗೆ ಸುತ್ತಿಕೊಂಡು ಚಿಂದಿಯಾಯಿತು. ನೆಲಕ್ಕೆ ಬಿದ್ದ ಅವ್ವನ ಮೈಮೇಲೆ ಉಳಿದದ್ದು ಅಂಗಿಯ ಎಡಗಡೆಯ ತೋಳೊಂದೇ.

ಸುದ್ದಿ ತಿಳಿದು ನಾನು ಓಡಿ ಬಂದಾಗ ಅವಳು ಜಗಲಿಯಲ್ಲಿ ಆ ತೋಳನ್ನು ಮಡಿಲಲ್ಲಿಟ್ಟುಕೊಂಡು ಅಳುತ್ತಿದ್ದಳು. ಭುಜದ ಮೇಲೆ ಬಾಸುಂಡೆ.

"ನೋಡಮ್ಮಿ, ನಿಮ್ಮಪ್ಪನ ಅಂಗಿ ಓಯ್ತು."

"ಅಂಗಿ ಮನೆ ಹಾಳಾಗ! ನೀನೇ ಓಗ್ಬುಡ್ತಿದ್ದಲ್ಲವ್ವ!"

ಬಾಯಿಗೆ ಬಂದಂತೆ ಕೂಗಾಡಿದೆ. ಆಮೇಲೆ ಅವಳ ತಲೆಯನ್ನು ಎದೆಗೊತ್ತಿಕೊಂಡು ನಾನೂ ಅತ್ತೆ.

ಅಂದಿನಿಂದ ಅವ್ವ ಡ್ರಮ್ಮಿನ ಕಡೆ ಸುಳಿಯಲಿಲ್ಲ. ಟ್ರ್ಯಾಕ್ಟರ್ ಶುರುವಾದರೆ ಸಾಕು, ಒಳಗೆ ಹೋಗಿ ಕದ ಹಾಕಿಕೊಳ್ಳುವಳು. ತಟ್ಟೆಯ ಮುದ್ದೆ ಅರ್ಧಕ್ಕೇ ಉಳಿಯುತ್ತಿತ್ತು. "ಇನ್ನು ನನ್ ಕೈಲಾಗಕಿಲ್ಲ ಕಣಮ್ಮಿ" ಅಂದಳು ಒಂದು ದಿನ.

ಮಾರನೆಯ ದಿನವೇ ರಜೆ ಹಾಕಿದೆ. ಚಿಕ್ಕಪ್ಪನನ್ನು ನಿಲ್ಲಿಸಿಕೊಂಡು ಕೇಳಿದೆ.

"ಈ ಶಾಫ್ಟ್ ಮುಚ್ಚಕೆ ಒಂದು ಪ್ಲಾಸ್ಟಿಕ್ ಕವರ್ ಬಂದಿರ್ಬೇಕಲ್ಲ?"

"ಬಂದಿತ್ತು ಕಣಮ್ಮಿ. ಗ್ರೀಸ್ ಹೊಡಿಯಕೆ ಅಡ್ಡ ಅಂತ ಡ್ರಮ್ ತಂದು ಪೂಜೆ ಮಾಡಿದ್ ದಿವ್ಸಾನೇ ತೆಗ್ದಾಕ್ಬುಟ್ಟೊ."

"ಎಲ್ಲದೆ ಅದು?"

ಅವನು ಗದ್ದದಲ್ಲೇ ಹಿತ್ತಲು ತೋರಿಸಿದ. ನಲ್ಲಿಯಿಂದ ಕರಿಬೇವಿನ ಬುಡಕ್ಕೆ ನೀರು ಹಾಯಿಸುವ ಹಳದಿ ಕೊಳವೆ! ಅದನ್ನು ಅಲ್ಲಿ ಇಟ್ಟವಳು ಅವ್ವನೇ. ವರ್ಷಗಟ್ಟಲೆ ಅದರ ಪಕ್ಕದಲ್ಲೇ ಕೈಕಾಲು ತೊಳೆದವಳು ನಾನು, ಊರಿಗೆಲ್ಲ ಪಾಠ ಹೇಳುವವಳು. ನಗಬೇಕೋ ಅಳಬೇಕೋ ತಿಳಿಯದೆ ಬಚ್ಚಲ ಕಲ್ಲಿನ ಮೇಲೆ ಕುಳಿತುಬಿಟ್ಟೆ.

ಕೊಳವೆ ಬಿಸಿಲಿಗೆ ಸೀಳಿತ್ತು. ಅದರದೇ ಅಳತೆಗೆ ದಪ್ಪ ಪೈಪೊಂದನ್ನು ಕೊಯ್ಯಿಸಿ, ಎರಡು ತುದಿಗೂ ಬೇರಿಂಗ್ ಕೂರಿಸಿದೆ. ಶಾಫ್ಟು ಒಳಗೆ ಎಷ್ಟು ಬೇಕಾದರೂ ಸುತ್ತಲಿ, ಹೊರಗಿನ ಪೈಪು ಸುತ್ತದಂತೆ ಒಂದು ಸರಪಳಿಯಿಂದ ಟ್ರ್ಯಾಕ್ಟರಿಗೆ ಬಿಗಿದೆ. ತುದಿಯ ಕೀಲುಗಳಿಗೆ ರಬ್ಬರಿನ ಟೋಪಿ. ಗ್ರೀಸಿಗೆ ಮುಚ್ಚಳವಿರುವ ಕಿಂಡಿ, ಚಿಕ್ಕಪ್ಪ ಮತ್ತೆ ನೆಪ ಹೇಳಬಾರದಲ್ಲ. ಇದನ್ನು ಮೊದಲು ಯೋಚಿಸಿದ ಪುಣ್ಯಾತ್ಮ ಯಾರೋ, ಯಾವ ದೇಶದವನೋ. ಅವನ ಮನೆಯಲ್ಲೂ ಯಾರದೋ ಅಂಗಿ ಹರಿದಿರಬೇಕು ಅನ್ನಿಸಿತು.

ಕೆಲಸ ಮುಗಿದ ಮಾರನೆಯ ಬೆಳಗ್ಗೆ ಎಂಜಿನ್ ಶುರು ಮಾಡಿ, ದೂರ ನಿಂತು, ಉದ್ದನೆಯ ಬಿದಿರು ಗಳುವಿನ ತುದಿಗೆ ಗೋಣಿಚೀಲ ಸಿಕ್ಕಿಸಿ ಪೈಪಿನ ಮೇಲೆ ಇಳಿಬಿಟ್ಟೆ. ಚೀಲ ಅಲ್ಲೇ ಬಿದ್ದುಕೊಂಡಿತು. ಚಿಕ್ಕಪ್ಪ ಭಲೇ ಅಂದ. ಅಷ್ಟರಲ್ಲಿ ಹಿಂದೆ ಕದ ತೆರೆದ ಸದ್ದು.

"ಗೋಣಿ ಬ್ಯಾಡ. ಇದ ಹಾಕು."

ಅವ್ವ ಆ ನೀಲಿ ಗೆರೆಯ ತೋಳನ್ನು ಮುಂದೆ ಹಿಡಿದಿದ್ದಳು.

"ಅವ್ವ, ಉಳ್ದಿರದು ಅದೊಂದೇ."

"ಗೊತ್ತು ಕಣಮ್ಮಿ. ಇದ ಬುಟ್ರೆ ನನ್ನೂ ಬುಡ್ತದೆ. ತಿಂದ್ರೆ ತಿನ್ನಲಿ, ನಾನು ಇನ್ನು ಈ ಕಡೀಕೆ ಬರಕಿಲ್ಲ."

ಪೈಪು ನಾನೇ ಕೂರಿಸಿದ್ದು, ಲೆಕ್ಕವೆಲ್ಲ ಸರಿಯಿತ್ತು, ಆದರೂ ಸರಪಳಿಯ ಬಿಗಿಯನ್ನು ದೂರದಿಂದಲೇ ಇನ್ನೊಮ್ಮೆ ನೋಡಿಕೊಂಡೆ. ಗಳುವಿನ ತುದಿಗೆ ಅಪ್ಪನ ಅಂಗಿಯ ತೋಳನ್ನು ತೂಗುಹಾಕಿ ಮೆಲ್ಲಗೆ ಇಳಿಸಿದೆ. ಒಳಗೆ ಶಾಫ್ಟು ಮೊರೆಯುತ್ತಿತ್ತು. ತೋಳು ಪೈಪಿನ ಮೇಲೆ ಬಿದ್ದು, ಎಂಜಿನಿನ ಅದುರಾಟಕ್ಕೆ ಒಂಚೂರು ಅಲುಗಿ, ಹಾಗೇ ಮಲಗಿಕೊಂಡಿತು.

ಅವ್ವ ಬಹಳ ಹೊತ್ತು ನೋಡಿದಳು. ಆಮೇಲೆ ದಡದಡನೆ ಮುಂದೆ ಬಂದಳು. ನಾನು ಹೆದರಿ ಅಡ್ಡ ಕೈ ಚಾಚಿದೆ. ಚಾಚುವ ಮೊದಲೇ ಅವಳು ನಿಂತಿದ್ದಳು, ಪೈಪಿನಿಂದ ಎರಡು ಮಾರು ದೂರದಲ್ಲಿ, ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡು.

"ಮೊದ್ಲು ಎಂಜಿನ್ ಆರ್ಸಪ್ಪ" ಅಂದಳು ಚಿಕ್ಕಪ್ಪನಿಗೆ. "ನಿಂತ ಮ್ಯಾಲೆ ಎತ್ಕತೀನಿ."

ಎಂಜಿನ್ ಪೂರ್ತಿ ನಿಂತ ಮೇಲೆ ಹೋಗಿ ತೋಳನ್ನು ಎತ್ತಿಕೊಂಡಳು. ಧೂಳು ಕೊಡವಿ, ನಾಲ್ಕು ಮಡಿಕೆ ಮಾಡಿ ನನ್ನ ಕೈಗಿಟ್ಟಳು.

"ಪೆಟ್ಟಿಗೇಲಿ ಮಡಗಮ್ಮಿ, ಇನ್ನು ಇಲ್ಲಿಗೆ ತರದು ಬ್ಯಾಡ" ಅಂದು, ಡ್ರಮ್ಮಿನ ಪಕ್ಕ ತನ್ನ ಹಳೆಯ ಜಾಗದಲ್ಲಿ ನಿಂತು ಚಿಕ್ಕಪ್ಪನ ಕಡೆ ತಿರುಗಿದಳು.

"ಏನಪ್ಪ ನೋಡ್ತಾ ನಿಂತಿದ್ದೀಯ, ಲೋಡ್ ತುಂಬು."